ರಾಗಿ ಯಾರ ತಟ್ಟೆಗೆ?

ಹಳೇ ಮೈಸೂರು ಸೀಮೆಯ ಕೂಲಿಕಾರರ ಮನೆಗಳಲ್ಲಿ ಈಗ ರಾಗಿ ಮುದ್ದೆಯ ಬದಲು ಹೆಚ್ಚಾಗಿ ಬೇಯುವುದು ಅನ್ನ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಮಾತ್ರ ರಾಗಿ ಬಿಸ್ಕತ್ತು, ರಾಗಿ ಶ್ಯಾವಿಗೆ, ಮೊಳಕೆ ರಾಗಿ ಹಿಟ್ಟು ಬಣ್ಣದ ಪೊಟ್ಟಣಗಳಲ್ಲಿ ಬಂದು ಕೂತಿವೆ. ಜನರ ರುಚಿ ಬದಲಾಯಿತು ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ತಟ್ಟೆಗೆ ಏನು ಬೀಳುತ್ತದೆ ಎಂಬುದು ನಾಲಿಗೆಗಿಂತ ಹೆಚ್ಚಾಗಿ ಸರ್ಕಾರ ಯಾವ ಧಾನ್ಯ ಕೊಂಡು ಯಾವುದನ್ನು ಹಂಚುತ್ತದೆ ಎಂಬುದರ ಮೇಲೆ ನಿಂತಿದೆ.

ಹಾಗೆಂದು, ಪುಕ್ಕಟೆ ಅಕ್ಕಿಯಿಂದ ಜನ ಸೋಮಾರಿಗಳಾದರು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 2013ರ ಜುಲೈಯಲ್ಲಿ ರಾಜ್ಯ ಸರ್ಕಾರದ ಅನ್ನಭಾಗ್ಯ ಯೋಜನೆ ಬಂದು ಕಿಲೋಗೆ 1 ರೂಪಾಯಿಗೆ ಅಕ್ಕಿ ಸಿಕ್ಕಿದಾಗ ಎಷ್ಟೋ ಮನೆಗಳು ತಿಂಗಳ ಕೊನೆಯ ಸಾಲದಿಂದ ಪಾರಾದವು. ನನ್ನ ತಕರಾರು ಬಹುಪಾಲು ಅಕ್ಕಿಯೇ ಬಂದದ್ದರ ಬಗ್ಗೆ. ಅದೇ ವರ್ಷದ ಕೇಂದ್ರದ ಆಹಾರ ಭದ್ರತಾ ಕಾಯ್ದೆ ಅಕ್ಕಿಗೆ 3, ಗೋಧಿಗೆ 2, ಸಿರಿಧಾನ್ಯಕ್ಕೆ 1 ರೂಪಾಯಿ ದರ ಬರೆದಿತ್ತು. ಕಾಗದದಲ್ಲಿ ಎಲ್ಲಕ್ಕಿಂತ ಅಗ್ಗ ರಾಗಿ, ಜೋಳಗಳೇ. ಗೋದಾಮಿನಲ್ಲಿ ಇದ್ದದ್ದು ಮಾತ್ರ ಅಕ್ಕಿ, ಗೋಧಿ. ಕರ್ನಾಟಕ ಸರ್ಕಾರ ದಕ್ಷಿಣದಲ್ಲಿ ರಾಗಿ, ಉತ್ತರದಲ್ಲಿ ಜೋಳ ಹಂಚುವ ಕ್ರಮ ತಂದಿತು, ನಿಜ. ಆದರೆ ಅದು ಖರೀದಿಯಾದಷ್ಟು ಮಾತ್ರ, ಅಕ್ಕಿಯ ಪಕ್ಕದಲ್ಲಿ ಒಂದಿಷ್ಟು.

ಇಲ್ಲೊಂದು ಗಂಟಿದೆ. ರಾಗಿಯ ಬೆಂಬಲ ಬೆಲೆ 2013-14ರಲ್ಲಿ ಕ್ವಿಂಟಲ್‌ಗೆ 1,500 ರೂಪಾಯಿ, 2025-26ಕ್ಕೆ 4,886. ಭತ್ತದ 2,369ಕ್ಕೆ ಹೋಲಿಸಿದರೆ ಎರಡು ಪಟ್ಟಿಗಿಂತ ಹೆಚ್ಚು. ಮಳೆ ನಂಬಿ ಬಿತ್ತುವ ರೈತನಿಗೆ ಇದು ಸಲ್ಲಬೇಕಾದದ್ದೇ. ಆದರೆ ಬೆಂಬಲ ಬೆಲೆಯೇ ಕಿಲೋಗೆ ಸುಮಾರು 49 ರೂಪಾಯಿ ಆದಾಗ, ಹೊಲವಿಲ್ಲದ ಕೂಲಿಯವಳು ಪಡಿತರ ಸೊಸೈಟಿಯಲ್ಲಿ ಈಗ ಪುಕ್ಕಟೆ ಸಿಗುವ ಅಕ್ಕಿ ಬಿಟ್ಟು ಕಾಸು ಕೊಟ್ಟು ರಾಗಿ ತರುತ್ತಾಳೆಯೇ? ಬೆಲೆ ಏರಿಸಿ ಹಂಚಿಕೆ ಏರಿಸದಿದ್ದರೆ ಬಡವರಿಗೆ ರಾಗಿ ಕೈಗೆ ಸಿಗದಂತಾಗುತ್ತದೆ. ಬೆಳೆದ ರೈತನೂ ಖರೀದಿ ಕೇಂದ್ರದ ನೋಂದಣಿ, ಸರದಿ, ತಡವಾಗುವ ಹಣಕ್ಕೆ ಕಾಯಲಾರದೆ ಒಕ್ಕಣೆ ಮುಗಿದೊಡನೆ ಸಿಕ್ಕ ಬೆಲೆಗೆ ಮಾರಿಬಿಡುವುದುಂಟು.

ಬೆಲೆಯಷ್ಟೇ ದೊಡ್ಡದು ದುಡಿಮೆ. ಅಕ್ಕಿ ತೊಳೆದು ಕುಕ್ಕರಿಗಿಟ್ಟರೆ ಮುಗಿಯಿತು. ರಾಗಿಯನ್ನು ಕಲ್ಲು ಆರಿಸಿ, ಒಣಗಿಸಿ, ಗಿರಣಿಗೆ ಹೊತ್ತು ಹಿಟ್ಟು ಮಾಡಿಸಬೇಕು. ಎಸರು ಕುದಿವಾಗ ಹಿಟ್ಟು ಸುರಿದು, ಪಾತ್ರೆಯನ್ನು ಕಾಲಿನಿಂದ ಒತ್ತಿ ಹಿಡಿದು, ಗಂಟು ಉಳಿಯದಂತೆ ಕೋಲಿನಲ್ಲಿ ತೊಳಸಬೇಕು. ಆಮೇಲೆ ಸುಡುವ ಹಿಟ್ಟನ್ನು ಒದ್ದೆ ಕೈಯಲ್ಲಿ ಮುದ್ದೆ ಕಟ್ಟಬೇಕು. ಇಷ್ಟೂ ಹೆಂಗಸರ ಕೆಲಸ. ದಿನವಿಡೀ ಗಾರ್ಮೆಂಟ್ಸ್‌ನಲ್ಲಿ ದುಡಿದು ಬಂದವಳು ಅನ್ನಕ್ಕೆ ಇಟ್ಟರೆ ಅವಳನ್ನು ದೂರಲು ಯಾರಿಗೂ ಹಕ್ಕಿಲ್ಲ.

ಆದರೆ ರಾಗಿ ಬಿಟ್ಟು ಕಳೆದುಕೊಳ್ಳುತ್ತಿರುವುದು ಸಣ್ಣದಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು. 2022-23ರ ಕೇಂದ್ರದ ಮನೆವೆಚ್ಚ ಸಮೀಕ್ಷೆಯಂತೆ ಹಳ್ಳಿಗರ ಖರ್ಚಿನಲ್ಲಿ ಧಾನ್ಯದ ಪಾಲು ಶೇ. 5ರಷ್ಟಕ್ಕೆ ಇಳಿದಿದೆ, ಪಾನೀಯ ಮತ್ತು ಸಂಸ್ಕರಿತ ತಿನಿಸಿನ ಪಾಲು ಶೇ. 9.6. ಧಾನ್ಯದಲ್ಲಿ ಉಳಿದ ಹಣದಲ್ಲಿ ಒಂದಿಷ್ಟು ಚಿಪ್ಸು, ಬಿಸ್ಕತ್ತಿಗೂ ಹೋಗುತ್ತಿದೆ. ರಾಗಿ ಇಳುವರಿ ಕೊಡದ ಬೆಳೆ, ಹಂಚಲು ಸಾಲದು ಎಂಬ ನೆಪವೂ ನಿಲ್ಲದು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿ ಕೂಡಿಸಿ ಹೆಚ್ಚು ಇಳುವರಿಯ ಇಂಡಾಫ್ ತಳಿಗಳನ್ನು ಕೊಟ್ಟು ದಶಕಗಳೇ ಆದವು.

2024ರಿಂದ ಸರ್ಕಾರಿ ಶಾಲೆಗಳಲ್ಲಿ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡುತ್ತಿರುವುದು ಸರಿಯಾದ ಹೆಜ್ಜೆ. ಮಕ್ಕಳಿಗೆ ಕೊಟ್ಟದ್ದು ಅವರ ಅಮ್ಮಂದಿರಿಗೂ ಸಿಗಬೇಕು. ರಾಗಿ ಬೆಳೆಯುವ ಜಿಲ್ಲೆಗಳಲ್ಲಿ ಪಡಿತರದ ಅರ್ಧದಷ್ಟಾದರೂ ರಾಗಿಯೇ ಆಗಲಿ, ಬೇಕಾದವರಿಗೆ ಹಿಟ್ಟಾಗಿಯೇ ಸಿಗಲಿ. ಬೀಸುವ ಕೆಲಸವನ್ನು ಊರಿನ ಸ್ತ್ರೀಶಕ್ತಿ ಸಂಘಕ್ಕೆ ಕೂಲಿ ಕೊಟ್ಟು ವಹಿಸಬಹುದು. ಹಿಟ್ಟು ತಿಂಗಳುಗಟ್ಟಲೆ ಇಟ್ಟರೆ ಕೆಡುತ್ತದೆ ಎಂಬ ಆಕ್ಷೇಪಕ್ಕೂ ಇದೇ ಪರಿಹಾರ: ಕಾಳನ್ನು ಗೋದಾಮಿನಲ್ಲಿಟ್ಟು, ಆಯಾ ತಿಂಗಳಿಗೆ ಬೇಕಾದಷ್ಟನ್ನು ಆಯಾ ಊರಲ್ಲೇ ಬೀಸಿಸುವುದು.