ಚಪ್ಪಲಿ ಗೋಲು ಯಾರ ಮೇಲೂ ಬೀಳಲಿಲ್ಲ

ಪ್ರತಿ ಗುರುವಾರ ರಾತ್ರಿ ಒಂಬತ್ತೂವರೆಗೆ ನಮ್ಮ ಆಫೀಸಿನ ಹತ್ತು-ಹನ್ನೆರಡು ಜನ ಸರ್ಜಾಪುರ ರಸ್ತೆ ಕಡೆಯ ಒಂದು ಟರ್ಫ್‌ನಲ್ಲಿ ಸೇರ್ತೀವಿ. ಗಂಟೆಗೆ 1,400 ರೂಪಾಯಿ. ಅರ್ಧ ಗಂಟೆ ಫುಟ್‌ಬಾಲ್ ಆಡೋದು, ಇನ್ನರ್ಧ ಗಂಟೆ ಸೊಂಟ ಹಿಡ್ಕೊಂಡು ನಿಂತ್ಕೊಳ್ಳೋದು. ಮೊನ್ನೆ ನಮಗಿಂತ ಮುಂಚೆ ಅಲ್ಲಿ ಬಾಕ್ಸ್ ಕ್ರಿಕೆಟ್ ನಡೀತಿತ್ತು. ಅದು ಮುಗಿದ ಮೇಲೆ ಅಲ್ಲಿನ ಕೆಲಸದ ಹುಡುಗ ಮೂಲೆಗೆ ತಳ್ಳಿದ್ದ ಎರಡು ಗೋಲ್‌ಪೋಸ್ಟ್‌ಗಳನ್ನು ಎಳೆದು ತಂದು ನಿಲ್ಲಿಸಿ ಹೋದ. ನೆಲಕ್ಕೆ ಬೋಲ್ಟ್ ಇಲ್ಲ, ಹಿಂದಿನ ಪೈಪಿನ ಮೇಲೆ ಒಂದು ಮರಳಿನ ಚೀಲವೂ ಇಲ್ಲ. ನಮ್ಮ ಗೋಲ್‌ಕೀಪರ್ ವಾರ್ಮ್ ಅಪ್ ಅಂತ ಮೇಲಿನ ಅಡ್ಡಪೈಪ್ ಹಿಡಿದು ಕಾಲು ಮಡಚಿ ಜೋತುಬಿದ್ದ. ಇಡೀ ಗೋಲು ಮುಂದಕ್ಕೆ ವಾಲಿ, ಹಿಂಭಾಗ ಒಂದು ಗೇಣು ಮೇಲೆದ್ದಿತು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದ ಮೇಲೆ ನೆನಪಾಯಿತು. ಅದೇ ಟರ್ಫ್‌ಗೆ ಶನಿವಾರ ಬೆಳಿಗ್ಗೆ ನನ್ನ ಅಕ್ಕನ ಮಗ ಕೋಚಿಂಗ್‌ಗೆ ಹೋಗ್ತಾನೆ. ಏಳು ವರ್ಷ. ಅವನ ಕಣ್ಣಿಗೆ ಅದು ಮೊದಲು ಜೋತಾಡೋ ಕಂಬಿ, ಆಮೇಲೆ ಗೋಲ್‌ಪೋಸ್ಟ್.

ಇದರಲ್ಲಿ ದೊಡ್ಡ ವಿಜ್ಞಾನ ಏನಿಲ್ಲ. ಅಲ್ಲಿ ಇಲ್ಲಿ ಎಳೆದಾಡೋ ಗೋಲಿನ ಭಾರವೆಲ್ಲ ಮುಂಭಾಗದಲ್ಲಿರುತ್ತೆ: ಎರಡು ಕಂಬ, ಮೇಲೊಂದು ಅಡ್ಡಪೈಪ್. ಹಿಂದೆ ಇರೋದು ನೆಲದ ಮೇಲೆ ಮಲಗಿದ ಒಂದು ಪೈಪು ಮತ್ತು ಬಲೆ. ಯಾರಾದ್ರೂ ಮೇಲಿಂದ ಜೋತುಬಿದ್ದು ಒಂದು ಸಲ ಮುಂದಕ್ಕೆ ತೂಗಿದರೆ ಸಾಕು, ಇಡೀ ಚೌಕಟ್ಟು ಮಗುಚಿಕೊಳ್ಳುತ್ತೆ. ಜೋತುಬಿದ್ದ ಮಗು ಮೊದಲು ಬೆನ್ನ ಮೇಲೆ ಬೀಳುತ್ತೆ, ಅದರ ಹಿಂದೆಯೇ ಪೈಪು ಬರುತ್ತೆ, ತಲೆಗೋ ಎದೆಗೋ. ಓಡಿ ತಪ್ಪಿಸಿಕೊಳ್ಳೋ ಮಾತೇ ಇಲ್ಲ. ಹಿಂದಿನ ಪೈಪಿನ ಮೇಲೆ ಸಾಕಷ್ಟು ಭಾರ ಇದ್ದರೆ ಅಥವಾ ನೆಲಕ್ಕೆ ಗಟ್ಟಿಯಾಗಿ ಬಿಗಿದಿದ್ದರೆ ಇದ್ಯಾವುದೂ ಆಗಲ್ಲ.

ಆಫ್‌ಸೈಡ್ ಬಗ್ಗೆ ನಾವು ವಾಟ್ಸಾಪ್ ಗ್ರೂಪಿನಲ್ಲಿ ರಾತ್ರಿ ಒಂದು ಗಂಟೆವರೆಗೆ ಜಗಳ ಆಡ್ತೀವಲ್ಲ, ಅದು ಫುಟ್‌ಬಾಲ್ ನಿಯಮಾವಳಿಯ 11ನೇ ನಿಯಮ. ಹ್ಯಾಂಡ್‌ಬಾಲ್ 12ನೆಯದು. ಗೋಲನ್ನು, ಸಾಗಿಸಬಹುದಾದ ಗೋಲನ್ನೂ ಸೇರಿಸಿ, ನೆಲಕ್ಕೆ ಭದ್ರವಾಗಿ ಕಟ್ಟಿರಬೇಕು ಅನ್ನೋದು 1ನೇ ನಿಯಮದಲ್ಲೇ ಇದೆ. ಅಷ್ಟು ಹಿಂದಿನ ಪುಟಕ್ಕೆ ನಮ್ಮಲ್ಲಿ ಯಾರೂ ಹೋದಂಗಿಲ್ಲ.

ಬೇರೆ ಕಡೆ ಇದನ್ನು ಮಕ್ಕಳನ್ನು ಕಳ್ಕೊಂಡು ಕಲಿತಿದ್ದಾರೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2003ರಲ್ಲಿ ಆರು ವರ್ಷದ ಹುಡುಗನೊಬ್ಬ ಗೋಲ್‌ಪೋಸ್ಟ್ ಬಿದ್ದು ಸತ್ತ. ಇಂಥ ಗೋಲುಗಳನ್ನು ಕಡ್ಡಾಯವಾಗಿ ಬಿಗಿಯಬೇಕು ಅಂತ ಆ ಮಗುವಿನ ಹೆಸರಲ್ಲೇ ಅಲ್ಲಿ ಕಾನೂನು ಬಂದಿದ್ದು 2011ರಲ್ಲಿ. ಎಂಟು ವರ್ಷ! ಸರ್ಕಾರದ ಸುರಕ್ಷತಾ ಆಯೋಗ ಗೋಲು ಮಗುಚಿ ಬೀಳದಂತೆ ಏನೇನು ಮಾಡಬೇಕು ಅಂತ 1995ರಲ್ಲೇ ಮಾರ್ಗಸೂಚಿ ಬರೆದಿಟ್ಟಿದ್ದ ದೇಶದಲ್ಲಿ ಈ ಕಥೆ.

ಅಮೆರಿಕದ ಮಾತು ನಮಗ್ಯಾಕೆ ಅಂತೀರಾ? 2025ರ ನವೆಂಬರಿನಲ್ಲಿ ಹರಿಯಾಣದ ರೋಹ್ಟಕ್ ಜಿಲ್ಲೆಯಲ್ಲಿ 16 ವರ್ಷದ ಹುಡುಗ ಒಬ್ಬನೇ ಬ್ಯಾಸ್ಕೆಟ್‌ಬಾಲ್ ಅಭ್ಯಾಸ ಮಾಡ್ತಿದ್ದ. ಹಾರಿ ರಿಂಗ್ ಹಿಡಿದ, ಕಂಬ ಸಮೇತ ಎದೆ ಮೇಲೆ ಬಿತ್ತು. ಅದೇ ವಾರ ಬಹಾದ್ದೂರ್‌ಗಢದಲ್ಲಿ ಇನ್ನೊಬ್ಬ, 15 ವರ್ಷದವನು, ಹಾಗೇ ಹೋದ. ರೋಹ್ಟಕ್‌ನ ಸಿಸಿಟಿವಿ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತೆ. ನೋಡಿದ್ವಿ, ಅಯ್ಯೋ ಅಂದ್ವಿ, ಫಾರ್ವರ್ಡ್ ಮಾಡಿದ್ವಿ. ಆ ವಾರ ಎಷ್ಟು ಜನ ನಮ್ಮ ಟರ್ಫ್‌ಗೆ ಹೋಗಿ ಕಂಬ ಅಲ್ಲಾಡಿಸಿ ನೋಡಿದ್ವಿ?

ಟರ್ಫ್ ಮಾಲೀಕರಿಗೆ ಫೋನ್ ಮಾಡಿದೆ. ಒಳ್ಳೆ ಮನುಷ್ಯರೇ, ಬಯ್ಯೋಕೂ ಮನಸ್ಸು ಬರಲ್ಲ.

"ಸರ್, ನಾಲ್ಕು ವರ್ಷದಿಂದ ನಡೆಸ್ತಾ ಇದೀನಿ, ಒಂದಿನಾನೂ ಏನೂ ಆಗಿಲ್ಲ. ಜೋತಾಡಬಾರದು ಅಂತ ಬೋರ್ಡ್ ಬೇರೆ ಹಾಕಿದೀವಲ್ಲ?"

ಬೋರ್ಡ್ ಇದೆ, ಹೌದು. ಇಂಗ್ಲಿಷಿನಲ್ಲಿದೆ, ನನ್ನ ತಲೆಗಿಂತ ಎತ್ತರದಲ್ಲಿದೆ. ಎರಡನೇ ಕ್ಲಾಸಿನ ಹುಡುಗ ಅದನ್ನು ಕತ್ತೆತ್ತಿ ಓದಿ, ಅರ್ಥ ಮಾಡ್ಕೊಂಡು, ಕೈ ಕಟ್ಟಿ ನಿಂತ್ಕೊಳ್ತಾನೆ ಅಂತ ನಂಬೋರು ಮಕ್ಕಳನ್ನು ಯಾವತ್ತೂ ಹತ್ತಿರದಿಂದ ನೋಡಿಲ್ಲ. ಮಗು ಜೋತಾಡೇ ಆಡುತ್ತೆ. ಸೂರ್ಯ ಹುಟ್ಟೋದು ಎಷ್ಟು ಖಾತ್ರಿಯೋ ಇದೂ ಅಷ್ಟೇ. ಆ ಲೆಕ್ಕ ಹಿಡಿದೇ ಗೋಲನ್ನು ಕಟ್ಟಬೇಕು. ನಾಲ್ಕು ವರ್ಷ ಏನೂ ಆಗಿಲ್ಲ ಅಂದ್ರೆ ಏನು, ಗೋಲು ಭದ್ರವಾಗಿದೆ ಅಂತಲಾ? ಹಿಂಭಾಗ ಒಂದು ಗೇಣು ಎದ್ದಿದ್ದನ್ನು ನಾನೇ ನೋಡಿದೀನಿ.

ಮಾಲೀಕರ ತೊಂದರೆ ನನಗೆ ಅರ್ಥ ಆಗುತ್ತೆ. ಕ್ರಿಕೆಟ್‌ನವರಿಗೂ ಫುಟ್‌ಬಾಲ್‌ನವರಿಗೂ ಅದೇ ಜಾಗ ಕೊಡಬೇಕು, ನೆಲಕ್ಕೆ ಶಾಶ್ವತವಾಗಿ ಹೂಳೋ ಹಾಗಿಲ್ಲ. ಹಾಗಂತ ಮರಳಿನ ಚೀಲಕ್ಕೆ ಏನಡ್ಡಿ? ಎರಡೂ ಗೋಲಿನ ಹಿಂದೆ ಇಡೋ ಅಷ್ಟು ಚೀಲ, ಮರಳು ಎಲ್ಲಾ ಸೇರಿ ನಮ್ಮ ಒಂದು ಗಂಟೆ ಬಾಡಿಗೆಯಲ್ಲಿ ಮುಗಿಯುತ್ತೆ. ಕ್ರಿಕೆಟ್ ಟೈಮಲ್ಲಿ ಗೋಲನ್ನು ಗೋಡೆ ಪಕ್ಕದ ಜಾಲರಿಗೆ ಒಂದು ಚೈನ್ ಹಾಕಿ ಬೀಗ ಹಾಕಿದರೆ ಅಲ್ಲೂ ಯಾರ ಮೇಲೂ ಬೀಳಲ್ಲ. ಅದೇ ಟರ್ಫ್‌ನಲ್ಲಿ ಹೊಸ ಎಲ್‌ಇಡಿ ಲೈಟ್ ಬಂದಿದೆ, ಕಾಫಿ ಮಷೀನ್ ಬಂದಿದೆ. ನಾವು ಕೇಳಿದ್ವಿ, ಬಂತು.

ಅದೇ ಈಗ ಸಿಟ್ಟು ತರಿಸ್ತಿರೋದು. ಟರ್ಫ್‌ಗೆ ಸ್ಟಾರ್ ಕೊಡುವಾಗ ಪಾರ್ಕಿಂಗ್ ಬಗ್ಗೆ ಬರೀತೀವಿ, ಟಾಯ್ಲೆಟ್ ಬಗ್ಗೆ ಬರೀತೀವಿ, ಹುಲ್ಲು ಸವೆದಿದೆ ಅಂತ ಬರೀತೀವಿ. ಆಫೀಸಲ್ಲಿ ಕೋಡ್ ರಿವ್ಯೂ ಮಾಡುವಾಗ ಲಕ್ಷದಲ್ಲೊಂದು ಸಲ ಆಗೋ ತಪ್ಪಿಗೂ ಎರಡು ಗಂಟೆ ಮೀಟಿಂಗ್ ಕೂರ್ತೀವಿ. ಟರ್ಫ್‌ನಲ್ಲಿ ಕಣ್ಣೆದುರಿಗೇ ಗೋಲು ಮೇಲೆದ್ದರೆ ನಗ್ತೀವಿ.

ಇದನ್ನೆಲ್ಲ ಗ್ರೂಪಲ್ಲಿ ಹಾಕಿದಾಗ ಒಬ್ಬರು ಸೀನಿಯರ್ ಹೇಳಿದ್ರು: "ನಾವೆಲ್ಲ ಹಾಸನದಲ್ಲಿ ಎರಡು ಜೊತೆ ಚಪ್ಪಲಿ ಇಟ್ಟು ಆಡಿದವ್ರು ಕಣೋ, ಈ ಸೇಫ್ಟಿ ಗೀಫ್ಟಿ ಇರಲಿಲ್ಲ." ಸರಿ ಸರ್, ನಾನೂ ಚಪ್ಪಲಿ ಇಟ್ಟೇ ಆಡಿದವನು. ಗೋಲು ಒಳಗೆ ಹೋಯ್ತೋ ಮೇಲಿಂದ ಹೋಯ್ತೋ ಅಂತ ಹೊಡೆದಾಡ್ಕೊಂಡಿದೀವಿ. ಆದರೆ ಚಪ್ಪಲಿ ಗೋಲು ಯಾರ ಮೇಲೂ ಬೀಳಲಿಲ್ಲ. ಕಬ್ಬಿಣದ ಪೈಪ್ ತಂದು ನಿಲ್ಲಿಸಿದವರು ನಾವು, ದುಡ್ಡು ಕೊಟ್ಟು ಅದರ ಕೆಳಗೆ ಮಕ್ಕಳನ್ನು ಕಳಿಸ್ತಿರೋರೂ ನಾವು.

ಈ ಗುರುವಾರದ ಬುಕಿಂಗ್ ಮಾಡೋ ಸರದಿ ನನ್ನದು. ದುಡ್ಡು ಇನ್ನೂ ಕಳಿಸಿಲ್ಲ. ಗೋಲಿನ ಹಿಂದೆ ಮರಳಿನ ಚೀಲ ಇಟ್ಟು ಒಂದು ಫೋಟೋ ಕಳಿಸಿ, ಆಮೇಲೆ ಜಿಪೇ ಮಾಡ್ತೀನಿ ಅಂದಿದೀನಿ. ಎರಡು ನೀಲಿ ಗೆರೆ ಬಿದ್ದಿದೆ, ಫೋಟೋ ಬಂದಿಲ್ಲ. ಅಕ್ಕನಿಗೂ ಹೇಳಿದೀನಿ, ಶನಿವಾರ ಹುಡುಗನನ್ನು ಕಳಿಸಬೇಡ ಅಂತ. ಅವನು ನನ್ನ ಹತ್ತಿರ ಮಾತು ಬಿಟ್ಟಿದಾನೆ.