ಕಂಠದ ತಡೆಗೆ ಅಕ್ಷರವುಂಟೋ?

ಮಾನವರು ಬುದ್ಧಿಪೂರ್ವಕವಾಗಿ ಕಟ್ಟಿದ ಭಾಷೆಗಳ ಶಬ್ದಗಳನ್ನು ಕನ್ನಡದಲ್ಲಿ ಬರೆಯುವಾಗ, ನಡುವೆ ಬರುವ ಮೇಲ್ಕೊಂಕನ್ನು ಧೂಳಿನಂತೆ ಒರಸಿಬಿಡುವವರುಂಟು. 2009ರ ‘ಅವತಾರ್’ ಚಿತ್ರಕ್ಕಾಗಿ ಪಾಲ್ ಫ್ರಾಮರರು ರಚಿಸಿದ ನಾ’ವಿ ಭಾಷೆಯು ಇವರ ಕೈಯಲ್ಲಿ ಬರಿಯ ‘ನಾವಿ’ಯಾಗುವದು. ಆ ಕೊಂಕು ಅಲಂಕಾರವಲ್ಲ, ವ್ಯಂಜನವು. ಮಾರ್ಕ್ ಓಕ್ರಾಂಡರ ಕ್ಲಿಂಗಾನ್ ಭಾಷೆಯಲ್ಲಿಯೂ ಅದು ಪೂರ್ಣಾಧಿಕಾರವುಳ್ಳ ಅಕ್ಷರವೇ ಆಗಿರುವದು.

ಆ ಧ್ವನಿಯು ಯಾರಿಗೂ ಅಪರಿಚಿತವಲ್ಲ. ಶಹಾಬಾದಿನ ಕಲ್ಲುಚಪ್ಪಡಿಯನ್ನು ಎತ್ತುವ ಆಳು ಉಸಿರನ್ನು ಬಿಗಿಹಿಡಿಯುವಾಗ ಕಂಠವು ಮುಚ್ಚುವದಷ್ಟೆ. ಆ ಮುಚ್ಚುವಿಕೆಯನ್ನು ಮಾತಿನ ನಡುವೆ ಕ್ಷಣಮಾತ್ರ ಮಾಡಿದರೆ ಕಂಠದ ತಡೆಯಾಯಿತು.

“ಇದನ್ನು ಬಿಟ್ಟರೆ ನಷ್ಟವೇನು? ನಾಲವಾರದ ಸೀಮೆಯನ್ನೇ ನೋಡಿರಿ” ಎಂದು ಪ್ರತಿಪಕ್ಷದವರು ಕೇಳಬಹುದು. ಇಲ್ಲಿ 1948ರ ವರೆಗೆ ಉರ್ದುವೇ ಸರಕಾರಿ ಭಾಷೆಯಾಗಿದ್ದಿತು. ರೈತ, ತಾಲೂಕು, ಕಾಯಿದೆ ಈ ಮೂರು ಶಬ್ದಗಳ ಅರಬೀ ಮೂಲದಲ್ಲಿಯೂ ‘ಐನ್’ ಎಂಬ ಗಂಟಲಕ್ಷರವಿರುವದು. ಅದು ಕಂಠದ ತಡೆಗೆ ಹತ್ತಿರದ ನೆಂಟನು. ಕನ್ನಡದಲ್ಲಿ ಅದು ಅಳಿದರೂ ರೈತನು ರೈತನಾಗಿಯೇ ಉಳಿದನು.

ಈ ಮಾತು ನಿಜವು. ಆದರೆ ಅದರಿಂದ ತೆಗೆಯುವ ಸಿದ್ಧಾಂತವು ನಿಜವಲ್ಲ. ಆ ಶಬ್ದಗಳು ಶತಮಾನಗಳ ಕಾಲ ಜನರ ನಾಲಿಗೆಯ ಮೇಲೆ ಸವೆದು ಕನ್ನಡವೇ ಆದುವು. ಉರ್ದು ಆಡುವವರೇ ಐನನ್ನು ಅರಬರಂತೆ ನುಡಿಯುವದು ವಿರಳ. ಹಳಗನ್ನಡದ ೞ, ಱ ಗಳೂ ಧ್ವನಿ ಅಳಿದ ಬಳಿಕ ಬರಹದಿಂದ ಹೋದುವು. ಕಟ್ಟಿದ ಭಾಷೆಗಾದರೋ ಅಂಥ ಸವೆತವಿಲ್ಲ. ಕರ್ತೃವು ಇಟ್ಟುದನ್ನು ಕಿತ್ತರೆ ಅದು ಅವನ ಶಬ್ದವೇ ಅಲ್ಲ. ಹವಾಯಿ ದ್ವೀಪದವರಲ್ಲಿ ‘ಪೌ’ ಎಂದರೆ ಮುಗಿಯಿತು. ನಡುವೆ ತಡೆಯಿಟ್ಟು ‘ಪಉ’ ಎಂದರೆ ಮಸಿ. ತಡೆಯನ್ನು ಬಿಡುವವನು ಅರ್ಥವನ್ನೇ ಬಿಡುವನು.

ವಿಸರ್ಗದಿಂದ ಕಾರ್ಯಸಾಧನೆಯಾಗದೋ? ಆಗದು. ವಿಸರ್ಗದಲ್ಲಿ ಉಸಿರು ಹೊರಬೀಳುವದು. ತಡೆಯಲ್ಲಿ ಉಸಿರು ನಿಲ್ಲುವದು. ಹೊಸ ಲಿಪಿಯೂ ಬೇಡ. ‘ಕುರ್‌ಆನ್’ ಎಂದು ಬರೆಯುವ ಕನ್ನಡಿಗರು ದಾರಿಯನ್ನು ಆಗಲೇ ತೋರಿಸಿರುವರು: ತಡೆಯ ಮುಂದೆ ಸ್ವರ ಬಂದರೆ ಅದನ್ನು ಬಿಡಿಯಾಗಿ ಬರೆಯತಕ್ಕದ್ದು. ವ್ಯಂಜನ ಬಂದರೆ, ಇಲ್ಲವೆ ಶಬ್ದವೇ ಮುಗಿದರೆ, ಮೇಲ್ಕೊಂಕನ್ನು ಉಳಿಸಿ ಅದರ ಉಚ್ಚಾರವನ್ನು ಮೊದಲೊಮ್ಮೆ ತಿಳಿಸತಕ್ಕದ್ದು.

ಮನೆಯ ಮಗುವಾದ ಮಾತಿಗೆ ಮನೆಯ ಉಚ್ಚಾರವು. ಅತಿಥಿಯಾಗಿ ಬಂದ ಮಾತಿಗೆ ಅದರ ಸ್ವಂತ ಉಚ್ಚಾರವು. ಅತಿಥಿಯ ಹೆಸರನ್ನು ಕೆಡಿಸಿ ಕರೆಯುವದು ಕನ್ನಡದ ಮರ್ಯಾದೆಯಲ್ಲ.