ಸಾರಥಿಯದೇ ತಪ್ಪೆ?

ಠಾಣಾ ಕುಶನೂರಿನಿಂದ ಮೊನ್ನೆ ಬಂದ ಸೋದರಳಿಯನ ಮುಖ ಬಾಡಿತ್ತು. ಬಾಡಿಗೆಯ ಕ್ಲೌಡ್ ಸರ್ವರಿನಲ್ಲಿ ಊರ ತೊಗರಿ ವರ್ತಕರ ಲೆಕ್ಕವೆಲ್ಲ ಇದೆ. ಆಪರೇಟಿಂಗ್ ಸಿಸ್ಟಂ ಹೊಸದಾದ ರಾತ್ರಿಯಿಂದ ಅದರ ಜಾಲಸಂಪರ್ಕ ಗಳಿಗೆಗೊಮ್ಮೆ ಕಡಿಯುತ್ತಿತ್ತಂತೆ.

“ಮಾಮಾ, ಡ್ರೈವರನ್ನೇ ಕಿತ್ತೊಗೆಯುತ್ತೇನೆ” ಎಂದ.

“ದುಡುಕಬೇಡ” ಎಂದೆ. ಕರ್ನೆಲ್ಲಿಗೂ ಜಾಲದ ಕಾರ್ಡಿಗೂ ನಡುವಣ ದುಭಾಷಿಯೇ ಡ್ರೈವರ್. ದೂರದ ಯಂತ್ರದೊಳಕ್ಕೆ ನಾವು ಹೊಗುವುದು ಜಾಲದ ಹಾದಿಯಿಂದಲೇ. ಅದನ್ನು ಕಿತ್ತರೆ ಕುಳಿತ ಕೊಂಬೆಯನ್ನೇ ಕಡಿದಂತೆ!

2008ರಲ್ಲಿ ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳಿಂದ ಇಂಟೆಲ್ಲಿನ ಕೆಲವು ಜಾಲದ ಕಾರ್ಡುಗಳು ಕೆಟ್ಟಾಗ, ಮೊದಲು ದೂರು ಬಿದ್ದುದು ಇ1000ಇ ಡ್ರೈವರಿನ ಮೇಲೆ. ಕಡೆಗೆ ಸಿಕ್ಕ ಕಳ್ಳನಾದರೋ ಕರ್ನೆಲ್ಲಿನೊಳಗಿನ ಎಫ್‌ಟ್ರೇಸ್ ಎಂಬ ಪತ್ತೇದಾರಿ ಸಲಕರಣೆ!

ಆದ್ದರಿಂದ ಮೊದಲು ಡಿಸ್ಕಿನ ಪ್ರತಿ ತೆಗೆದಿಡಬೇಕು. ಸೀರಿಯಲ್ ಕನ್ಸೋಲ್ ಎಂಬ ಹಿತ್ತಿಲ ಬಾಗಿಲನ್ನು ತೆರೆದಿಟ್ಟುಕೊಳ್ಳಬೇಕು. ಕರ್ನೆಲ್ಲಿನ ದಿನಚರಿಯನ್ನು ಓದಬೇಕು. ಬಳಿಕ ಹಳೆಯ ಕರ್ನೆಲ್ಲಿನಿಂದ ಯಂತ್ರವನ್ನು ಎಬ್ಬಿಸಿ ನೋಡಬೇಕು. ಸಂಪರ್ಕ ಸ್ಥಿರವಾದರೆ ದೋಷ ಹೊಸ ಕರ್ನೆಲ್ಲಿನ ಕಡೆಗಿದೆ. ಇಲ್ಲವಾದರೆ ಬೇರೆಡೆ ಹುಡುಕಬೇಕು.

ಅಳಿಯ ಅಂದೇ ಹಾಗೆ ಮಾಡಿದ. ಹಳೆಯ ಕರ್ನೆಲ್ಲಿನಲ್ಲಿ ಸಂಪರ್ಕ ಅಲುಗಲಿಲ್ಲ. ವರ್ತಕರ ಲೆಕ್ಕವೂ ಉಳಿಯಿತು. ಹೊಸದರ ದೋಷವನ್ನು ಈಗ ಸಾವಧಾನವಾಗಿ ಹುಡುಕುತ್ತಿದ್ದಾನೆ.

ಸಾರಥಿಯನ್ನು ಬೈಯುವ ಮುನ್ನ ರಥವನ್ನೂ ದಾರಿಯನ್ನೂ ಒಮ್ಮೆ ನೋಡಬೇಕಲ್ಲವೆ, ವಾಚಕರೆ?